ಕೇಪಿನ ಕೋವಿಗೆ ಲೈಸೆನ್ಸ್ ಬೇಡ ಅಂದವರು ಯಾರು?

"ಅಜ್ಜನ ಕಾಲದ ಕೇಪಿನ ಕೋವಿ ಮಾರಾಯ, ಅದಕ್ಕೆಲ್ಲ ಎಂಥ ಲೈಸೆನ್ಸು?" ನಮ್ಮ ಮಲೆನಾಡಿನ ಕಡೆ ಈ ಮಾತು ಹೇಳುವವರು ಇನ್ನೂ ಇದ್ದಾರೆ. ಕೇಪಿನ ಕೋವಿ ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪು ಅನ್ನುವ ಸಣ್ಣ ಸಿಡಿಯುವ ಟೋಪಿ ಕೂರಿಸಿ ಹಾರಿಸುವ ಕೋವಿ. ಜೊತೆಗೆ ವಾಟ್ಸಾಪ್‌ನಲ್ಲಿ ಅಮೆರಿಕದ ವಿಡಿಯೊ ಬೇರೆ ಕಳಿಸುತ್ತಾರೆ. ಅಲ್ಲಿ ಮದ್ದು ತುಂಬುವ ಕೋವಿಯನ್ನು ಕಾಗದಪತ್ರವಿಲ್ಲದೆ ಸುಮ್ನೆ ಕೊಂಡು ಹೋಗುತ್ತಾರಂತೆ. ಬಹುಮಟ್ಟಿಗೆ ನಿಜವೇ. ಅವರ 1968ರ ಗನ್ ಕಂಟ್ರೋಲ್ ಆ್ಯಕ್ಟ್, 1898 ಅಥವಾ ಅದಕ್ಕೂ ಮೊದಲು ತಯಾರಾದ ಕೋವಿಗಳನ್ನು ಹೊರಗಿಟ್ಟಿದೆ. ಕರಿಮದ್ದು ತುಂಬುವ ಹಳೇ ಕೋವಿಗಳ ಹೊಸ ನಕಲುಗಳಿಗೂ ಹೆಚ್ಚುಕಡಿಮೆ ಅದೇ ರಿಯಾಯಿತಿ. ಆದರೆ ತೀರ್ಥಹಳ್ಳಿಯ ಅಡಿಕೆ ತೋಟಕ್ಕೆ ಅಮೆರಿಕದ ಕಾನೂನು ನಡೆಯುವುದಿಲ್ಲ, ಅಲ್ವಾ?

ನಮ್ಮದು 1959ರ ಆಯುಧ ಕಾಯ್ದೆ. ಇಲ್ಲಿ ಕೋವಿಗೆ ವಯಸ್ಸಾಯಿತು ಅಂತ ಯಾರೂ ಬಿಡುವುದಿಲ್ಲ. 45ನೇ ಸೆಕ್ಷನ್‌ನಲ್ಲಿ ಹಳೇ ಮಾದರಿಯ, ಪುರಾತನವಾದ, ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಇರುವುದು ಹೌದು. ನಮ್ಮ ಬುದ್ಧಿವಂತರು ಅಷ್ಟು ಓದಿ ಪುಸ್ತಕ ಮುಚ್ಚುತ್ತಾರೆ. ಅದರ ಮುಂದಿರುವ ಷರತ್ತೇ ಮುಖ್ಯ. ರಿಪೇರಿ ಮಾಡಿದರೂ ಆ ಕೋವಿಯಿಂದ ಗುಂಡು ಹಾರುವಂತಿರಬಾರದು. ಕೇಪಿನ ಕೋವಿಯಲ್ಲಿ ಕೆಡುವುದಕ್ಕೆ ಏನಿದೆ ಹೇಳಿ? ಕೇಪಿಗೆ ಬಡಿಯುವ ಒಂದು ಕುದುರೆ, ಒಂದು ಸ್ಪ್ರಿಂಗು, ಕೇಪು ಕೂರುವ ಒಂದು ತುದಿ. ಕೈ ಪಳಗಿದ ಕಮ್ಮಾರ ಒಂದು ಮಧ್ಯಾಹ್ನದಲ್ಲಿ ಸರಿಮಾಡಿ ಕೊಡುತ್ತಾನೆ. ಅಲ್ಲಿಗೆ ವಿನಾಯಿತಿ ಮುಗಿಯಿತು. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದ ಕೋವಿಗೆ ಸಾಮಾನ್ಯವಾಗಿ 2ರಿಂದ 5 ವರ್ಷ ಜೈಲು, ಜೊತೆಗೆ ದಂಡ. ಅಟ್ಟದ ಮೇಲಿರುವ ಅಜ್ಜನ ನೆನಪಿಗೂ ಇದೇ ಲೆಕ್ಕ.

ಇರಲಿ ಬಿಡಿ, ನನ್ನ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ಬಾರು ಮಾಡುವುದನ್ನು, ಅಂದರೆ ಕೋವಿಗೆ ಮದ್ದುಗುಂಡು ತುಂಬುವುದನ್ನು, ಹತ್ತಿರದಿಂದ ನೋಡಿದವರಿಗೆ ಇದು ಆಟದ ಸಾಮಾನಲ್ಲ ಅಂತ ಗೊತ್ತು. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ನಳಿಗೆಯ ಬಾಯಿಂದ ಮದ್ದು ಸುರಿಯಬೇಕು. ಮೇಲೆ ತೆಂಗಿನ ನಾರು ತುರುಕಿ ಗಜದಿಂದ (ಉದ್ದನೆಯ ಕಡ್ಡಿಯಿಂದ) ಜಡಿಯಬೇಕು. ಆಮೇಲೆ ಚರೆ (ಸಣ್ಣ ಗುಂಡುಗಳು), ಮತ್ತೆ ನಾರು, ಮತ್ತೆ ಗಜ. ಕೊನೆಗೆ ಕುದುರೆ ಎತ್ತಿ ಕೇಪು ಕೂರಿಸಬೇಕು. ಇಷ್ಟಾಗುವಷ್ಟರಲ್ಲಿ ಮಂಗಗಳು ಆಚೆ ಮನೆಯವರ ತೋಟಕ್ಕೆ ದಾಟಿರುತ್ತವೆ, ಆ ಮಾತು ಬೇರೆ. ಮಳೆಗಾಲದಲ್ಲಿ ಮದ್ದಿಗೆ ಥಂಡಿ ಹಿಡಿದರೆ ಕೇಪು ಚಟ್ ಅನ್ನುತ್ತದೆ, ಈಡು ಹಾರುವುದಿಲ್ಲ. ಕೆಲವು ಸಲ ಒಂದು ಗಳಿಗೆ ತಡೆದು ಹಾರುತ್ತದೆ. ಏನಾಯಿತು ಅಂತ ಬಗ್ಗಿ ನೋಡುವವನ ಕತೆ ಮುಗಿದಂತೆಯೇ. ಅಳತೆ ತಪ್ಪಿ ಮದ್ದು ಜಾಸ್ತಿಯಾದರೆ ನಳಿಗೆಯೇ ಸೀಳಬಹುದು. ಕದ್ದು ಮಾಡಿಸಿದ ನಾಡಕೋವಿಯಲ್ಲಂತೂ ನಳಿಗೆ ಯಾವ ಪೈಪಿನದೋ ದೇವರಿಗೇ ಗೊತ್ತು.

ಆದರೆ ಲೈಸೆನ್ಸ್ ಬೇಕು ಅನ್ನುವುದು ಒಂದು, ಲೈಸೆನ್ಸ್ ಇದ್ದವನನ್ನು ಅಲೆಸುವುದು ಇನ್ನೊಂದು. ಕಾಯ್ದೆಗೆ ರೈತನ ಮೇಲೆ ಸಿಟ್ಟಿಲ್ಲ. 13ನೇ ಸೆಕ್ಷನ್‌ನಲ್ಲಿ ಬೆಳೆ ಕಾಯುವುದಕ್ಕೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನೇ ಹೆಸರು ಹೇಳಿ ಸೇರಿಸಿದ್ದಾರೆ. ಅದು ಸಾಲದು ಅಂತ ಅಧಿಕಾರಿಗೆ ಅನಿಸಿದರೆ ಬೇರೆ ನಯನಳಿಗೆಯ (ನಳಿಗೆಯ ಒಳಗೆ ಗೀರುಗಳಿಲ್ಲದ) ಕೋವಿಗೂ ಲೈಸೆನ್ಸ್ ಕೊಡಬಹುದು. ದೆಹಲಿಯಲ್ಲಿ ಕೂತು ಕಾಯ್ದೆ ಬರೆದವರಿಗೆ ಗೊತ್ತಿದ್ದ ಈ ವ್ಯತ್ಯಾಸ ನಮ್ಮ ಕಚೇರಿಗಳಿಗೆ ಬಂದಾಗ ಕಳೆದುಹೋಗುತ್ತದೆ. ಪಟ್ಟಣದಲ್ಲಿ ರಿವಾಲ್ವರ್ ಕೇಳುವ ರಿಯಲ್ ಎಸ್ಟೇಟ್ ಸಾಹುಕಾರನಿಗೂ, ಎರಡೆಕರೆ ಅಡಿಕೆ ಇರುವವನ ಒಂಟಿ ನಳಿಗೆಗೂ ಒಂದೇ ನಮೂನೆಯ ಓಡಾಟ.

ಚುನಾವಣೆ ಬಂತೆಂದರೆ ಮುಗಿಯಿತು, ಎಲ್ಲರೂ ಕೋವಿ ಠಾಣೆಗೆ ಒಪ್ಪಿಸಿ ಅಂತ ಹೇಳಿಕಳಿಸುತ್ತಾರೆ. 2024ರ ಲೋಕಸಭೆ ಚುನಾವಣೆ ನೆನಪಿಸಿಕೊಳ್ಳಿ. ಮಾರ್ಚ್ 16ಕ್ಕೆ ನೀತಿಸಂಹಿತೆ ಶುರು, ಎಣಿಕೆ ಜೂನ್ 4ಕ್ಕೆ. ಬಾಳೆ, ಹಲಸು, ಎಳೆ ಅಡಿಕೆ ಎಲ್ಲಕ್ಕೂ ಮಂಗ ನುಗ್ಗುವುದು ಇದೇ ತಿಂಗಳುಗಳಲ್ಲಿ. ಚುನಾವಣಾ ಆಯೋಗದ ಸೂಚನೆಯಲ್ಲಿ ಎಲ್ಲರ ಕೋವಿಯನ್ನೂ ಕಿತ್ತುಕೊಳ್ಳಿ ಅಂತ ಇಲ್ಲ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆ ಮಾಡಿದವರು, ಇಂಥವರನ್ನು ಜಿಲ್ಲೆಯ ಸಮಿತಿ ಒಬ್ಬೊಬ್ಬರಾಗಿ ಪರಿಶೀಲಿಸಬೇಕು ಅಂತ ಇದೆ. ಅಷ್ಟು ಕೆಲಸ ಯಾರಿಗೆ ಬೇಕು? ಸಾರಾಸಗಟು ತಂದಿಡಿ ಅನ್ನುವುದೇ ಸುಲಭ. ನಮ್ಮನೆ ಕೋವಿ ಒಂದು ಸಲ ವಾಪಸ್ ಬರುವಷ್ಟರಲ್ಲಿ ನಳಿಗೆಗೆ ತುಕ್ಕು ಹಿಡಿದಿತ್ತು. ಎಣ್ಣೆ ಹಚ್ಚಿ ಉಜ್ಜಿದ್ದೇ ಉಜ್ಜಿದ್ದು.

ಇನ್ನು ಯಜಮಾನ ತೀರಿಕೊಂಡರೆ ಅವರ ಲೈಸೆನ್ಸ್ ತನ್ನಷ್ಟಕ್ಕೆ ಮಗನ ಹೆಸರಿಗೆ ಬರುವುದಿಲ್ಲ. ಕೋವಿಯನ್ನು ತಡಮಾಡದೆ ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಿ ಹೊಸ ಅರ್ಜಿ ಹಾಕಬೇಕು. ತುಂಬ ಜನ ಸಿಕ್ಕಿಬೀಳುವುದು ಇಲ್ಲಿಯೇ. ತಿಥಿ, ಪಾಲು, ಖಾತೆ ಅಂತ ಓಡಾಡುವಾಗ ಗೋಡೆಯ ಮೇಲಿನ ಕೋವಿ ಯಾರಿಗೆ ನೆನಪಿರುತ್ತದೆ? 2016ರ ಆಯುಧ ನಿಯಮಗಳಲ್ಲಿ ಇದಕ್ಕೊಂದು ದಾರಿ ಇದೆ. ಲೈಸೆನ್ಸ್ ಇರುವವರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ ಅವರ ಹತ್ತಿರ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರನನ್ನು ಸೂಚಿಸಿ ದಾಟಿಸಬಹುದು. ಆದರೆ ಒಬ್ಬರಿಗೆ ಈಗ ಎರಡೇ ಬಂದೂಕು. ಮೊದಲು ಮೂರಿತ್ತು, 2019ರಲ್ಲಿ ಇಳಿಸಿದರು. ಪಿತ್ರಾರ್ಜಿತ ಅಂದರೂ ಬಿಡುವುದಿಲ್ಲ.

"ಕೊಡಗಿನವರಿಗೆ ಮಾತ್ರ ಯಾಕೆ ಲೈಸೆನ್ಸಿನಿಂದ ವಿನಾಯಿತಿ?" ಅಂತ ಪ್ರತಿ ಸಲ ಒಬ್ಬರು ಕೇಳುತ್ತಾರೆ. ಅದು ಬ್ರಿಟಿಷರ ಕಾಲದಿಂದ ಬಂದದ್ದು. ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೈಲ್‌ಪೋದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ, ಸಾವಿನ ಸುದ್ದಿಯನ್ನು ಎರಡು ಗುಂಡು ಹಾರಿಸಿ ತಿಳಿಸುವ ಜನ ಅವರು. ಅವರಿಗಿರುವುದನ್ನು ಕಿತ್ತುಕೊಂಡರೆ ನಮಗೇನು ಸಿಗುತ್ತದೆ? ನನಗೆ ಅಂಥ ವಿನಾಯಿತಿಯೂ ಬೇಡ.

ನಾನು ಕೇಳುವುದು ಚಿಕ್ಕದು. ಬೆಳೆ ರಕ್ಷಣೆಯ ಲೈಸೆನ್ಸ್ ನವೀಕರಣಕ್ಕೆ ವರ್ಷಕ್ಕೊಮ್ಮೆ ತಾಲೂಕಿನಲ್ಲೇ ಒಂದು ಕ್ಯಾಂಪ್ ಮಾಡಿ. ಚುನಾವಣೆಯಲ್ಲಿ ಆಯೋಗ ಹೇಳಿದಷ್ಟನ್ನೇ ಮಾಡಿ. ಮತ್ತೆ ಒಂದು ಮಾತು ನಮ್ಮವರಿಗೆ: ಕೋವಿಗೆ ಲೈಸೆನ್ಸ್ ಸಿಕ್ಕಿತು ಅಂದರೆ ಹಂದಿ ಹೊಡೆಯಲು ಪರ್ಮಿಟ್ ಸಿಕ್ಕಿತು ಅಂತಲ್ಲ. ಕಾಡುಹಂದಿ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ. ಅದಕ್ಕೆ ಅರಣ್ಯ ಇಲಾಖೆಯ ಅಪ್ಪಣೆಯೇ ಬೇರೆ. ಬರಿ ಮದ್ದು, ನಾರು ಹಾಕಿ ಗಾಳಿಗೆ ಒಂದು ಈಡು ಬಿಟ್ಟರೆ ಮಂಗನೂ ಓಡುತ್ತದೆ, ಹಂದಿಯೂ ಓಡುತ್ತದೆ. ಮರುದಿನ ಮತ್ತೆ ಬರುತ್ತವೆ ಅನ್ನಿ.