ಏನಂದ ಅಂತ ಕೇಳಿದಳು ಅಕ್ಕ

ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ. ಬರೆದು ಹಾಕಿಬಿಡುತ್ತೇನೆ, ಬೈಯುವವರು ಬೈಯಿರಿ.

ಚಿಕ್ಕಮ್ಮನ ಮನೆಯಲ್ಲಿ ಊಟ ಮುಗಿಸಿ ಎಲ್ಲರೂ ಟಿವಿ ಮುಂದೆ ಕೂತಿದ್ದೆವು. ಕಾಮಿಡಿ ಶೋ. ಸ್ಕಿಟ್‌ನಲ್ಲಿ ಒಬ್ಬ ಕಿವುಡ ಮಾವ. ಬಂದವರು "ಹೆಣ್ಣು ನೋಡೋಕೆ ಬಂದಿದೀವಿ" ಅಂದರೆ ಇವನು "ಹಣ್ಣಾ? ಕೆಜಿಗೆ ಎಷ್ಟು?" ಅನ್ನುತ್ತಾನೆ. ತೀರ್ಪುಗಾರರು ಬಿದ್ದು ಬಿದ್ದು ನಕ್ಕರು. ನಮ್ಮವರೂ ನಕ್ಕರು. ಪಕ್ಕದಲ್ಲಿ ಅಕ್ಕ ಇದ್ದಳು. ಅಕ್ಕನಿಗೆ ಕಿವಿ ಕೇಳಿಸುವುದಿಲ್ಲ. ಎಲ್ಲರ ಮುಖ ನೋಡಿ ತಾನೂ ನಕ್ಕಳು. ಆಮೇಲೆ ನನ್ನ ತೋಳು ತಟ್ಟಿ, ಕೈ ತಿರುಗಿಸಿ ಕೇಳಿದಳು: ಏನಂದ?

ಏನು ಹೇಳಲಿ? "ಯಾವುದೋ ಹುಡುಗಿ ಮದುವೆ ಮಾತು" ಅಂತ ಸನ್ನೆ ಮಾಡಿ ತಪ್ಪಿಸಿಕೊಂಡೆ.

ಅವಳಂಥವರನ್ನೇ ಹಿಡಿದು ಜೋಕು ಮಾಡುತ್ತಾರೆ. ಆ ಜೋಕು ಏನಂತ ಅವಳು ಓದಿಕೊಳ್ಳೋಕೆ ಕೆಳಗೆ ಒಂದು ಸಾಲು ಅಕ್ಷರ ಇಲ್ಲ. ಮಸಾಲೆ ಪುಡಿ ಜಾಹೀರಾತಿಗೆ ಮಾತ್ರ ಪರದೆ ತುಂಬ ಜಾಗ.

ನಿಯಮ ಇಲ್ಲವಾ? ಇದೆ ಸ್ವಾಮಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 2019ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟಿವಿಗೆ ಅಂತಲೇ ಮಾನದಂಡ ತಂದಿತು. ಸುದ್ದಿ ಕೊಡುವ ಚಾನೆಲ್ ದಿನಕ್ಕೊಂದು ಬುಲೆಟಿನ್, ಎಲ್ಲ ಚಾನೆಲ್‌ಗಳೂ ವಾರಕ್ಕೊಂದಾದರೂ ಕಾರ್ಯಕ್ರಮ, ಸಬ್‌ಟೈಟಲ್ ಅಥವಾ ಸನ್ನೆ ಭಾಷೆಯ ಜೊತೆ ಕೊಡಬೇಕು ಅಂತ ಶುರು. ಲೈವ್ ಸುದ್ದಿ, ಚರ್ಚೆಗಳಂಥವಕ್ಕೆ ವಿನಾಯಿತಿ. ಅವನ್ನು ಬಿಟ್ಟರೆ ನಮ್ಮ ಸುದ್ದಿ ಚಾನೆಲ್‌ಗಳಲ್ಲಿ ಉಳಿಯೋದೇನು, ಜ್ಯೋತಿಷ್ಯವಾ?

ದೂರದರ್ಶನ 1987ರಲ್ಲೇ ಕಿವುಡರಿಗಾಗಿ ವಾರಕ್ಕೊಮ್ಮೆ ವಾರ್ತೆ ಶುರು ಮಾಡಿತ್ತು. ಭಾನುವಾರ ಅಕ್ಕ ಅದರ ಮುಂದೆ ಚಾಪೆ ಹಾಸಿಕೊಂಡು ಕೂರುತ್ತಿದ್ದಳು. ಇಂಗ್ಲಿಷ್ ಬಾರದು, ದಿಲ್ಲಿಯವರ ಸನ್ನೆ ಅರ್ಧ ತಿಳಿಯದು. ಆದರೂ ಟಿವಿಯೊಳಗೆ ಯಾರೋ ತನ್ನ ಹಾಗೆ ಕೈಯಲ್ಲಿ ಮಾತಾಡುತ್ತಾರಲ್ಲ, ಅದೇ ಖುಷಿ. ಆಗ ಆಗಿದ್ದು ಈಗ ಆಗಲ್ಲ ಅಂದ್ರೆ ಹೇಗೆ?

"ತಮಾಷೆನ ತಮಾಷೆ ಥರ ನೋಡೋ" ಅಂದ ಚಿಕ್ಕಮ್ಮನ ಮಗ. ಸರಿ ಕಣಪ್ಪ. 2024ರ ಜುಲೈನಲ್ಲಿ ಒಂದು ಹಿಂದಿ ಸಿನಿಮಾದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿದೆ. ಅಂಗವಿಕಲರ ಬದುಕು ಅರ್ಥ ಮಾಡಿಸುವ ಹಾಸ್ಯ ಬೇರೆ, ಅವರನ್ನು ಕೀಳು ಮಾಡುವ ಹಾಸ್ಯ ಬೇರೆ. ಅವರ ಬಗ್ಗೆ ತೋರಿಸುವಾಗ ಅವರನ್ನೂ ಕೇಳಿ ಅಂತಲೂ ಹೇಳಿದೆ. ಆ ಸ್ಕಿಟ್ ಬರೆದ ಪುಣ್ಯಾತ್ಮ ನಮ್ಮಕ್ಕನನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು. ಅವಳು ಯಾವತ್ತೂ ಹೆಣ್ಣನ್ನು ಹಣ್ಣು ಅಂತ ಕೇಳಿಸಿಕೊಂಡಿಲ್ಲ. ಅವಳಿಗೆ ಕೇಳಿಸುವುದೇ ಇಲ್ಲ! ತುಟಿ ನೋಡಿ ತಿಳಿದಷ್ಟು ತಿಳಿಯಿತು. ಉಳಿದಿದ್ದಕ್ಕೆ ಸುಮ್ನೆ ತಲೆಯಾಡಿಸಿ ನಗುತ್ತಾಳೆ.

ನಾನೇನು ಸಾಚಾ ಅಲ್ಲ. ಹೈಸ್ಕೂಲಿನಲ್ಲಿ ಗೆಳೆಯರ ಮುಂದೆ ಅಕ್ಕ ಮಾತಾಡುವ ಹಾಗೆ ಮಾಡಿ ತೋರಿಸಿ ನಗಿಸಿದ್ದೇನೆ. ಅವಳು ಬಾಗಿಲಲ್ಲಿ ನಿಂತಿದ್ದಳು. ಆಗಲೂ ನಕ್ಕಿದ್ದಳು.

ಬೆಳಿಗ್ಗೆ ಕಾಫಿ ಕೊಡುತ್ತಾ ಮತ್ತೆ ಕೇಳಿದಳು: ಆ ಹುಡುಗಿ ಮದುವೆ ಆಯ್ತಾ?

ಆಯ್ತು ಅಂದೆ.