ಮೈಸೂರಿನ ರಸ್ತೆ ಕಪ್ಪಗೇ ಇರಲಿ, ಮೇಲೆ ನೆರಳಿರಲಿ

ಅಮೆರಿಕದ ಅರಿಜೋನಾದಲ್ಲಿ ನಾನಿರುವ ಊರು ಫೀನಿಕ್ಸ್. ಇಲ್ಲಿ ರಸ್ತೆಯ ಕಾವು ತಗ್ಗಿಸಲು ಬಡಾವಣೆಗಳ ಡಾಂಬರು ರಸ್ತೆಗೆ ತಿಳಿ ಬೂದು ಬಣ್ಣದ ಲೇಪ ಹಾಕುತ್ತಾರೆ. 2020ರಲ್ಲಿ ಶುರುವಾದ ಕೆಲಸ. ಫೋಟೊ ನೋಡಿದ ಮೈಸೂರಿನ ಗೆಳೆಯರದ್ದೆಲ್ಲ ಒಂದೇ ಮಾತು: "ನಮ್ಮೂರಿಗೂ ಇದು ಬರಬೇಕು ಕಣೋ." ನನಗೆ ಹಾಗನ್ನಿಸುವುದಿಲ್ಲ.

ಯಾಕೆ ಅಂತ ಹೇಳಲು ರಸ್ತೆಯಲ್ಲಿ ಕಾಣುವ ಎರಡು ಕಪ್ಪಿನಿಂದ ಶುರು ಮಾಡುತ್ತೇನೆ: ಟೈರಿನದು, ಡಾಂಬರಿನದು. ಮೊದಲು ಟೈರಿನ ಕಪ್ಪು. ರಬ್ಬರ್ ಮರದ ಹಾಲು ಬಿಳಿ. ಮೊದಮೊದಲ ಕಾರುಗಳ ಟೈರೂ ಬೆಳ್ಳಗೇ ಇರುತ್ತಿದ್ದವು, ಬೇಗ ಸವೆಯುತ್ತಿದ್ದವು. 1910ರ ದಶಕದಲ್ಲಿ ಅದಕ್ಕೆ ಕಾರ್ಬನ್ ಬ್ಲ್ಯಾಕ್ ಬೆರೆಸುವುದು ರೂಢಿಗೆ ಬಂತು. ಹಿಂದೆ ಮನೆಗಳಲ್ಲಿ ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ಮಾಡುತ್ತಿದ್ದರಲ್ಲ, ಹೆಚ್ಚುಕಮ್ಮಿ ಅದೇ ಮಸಿ. ನೆಲ ಮುಟ್ಟುವ ರಬ್ಬರಿನಲ್ಲಿ ಸುಮಾರು ಕಾಲು ಭಾಗ ಈ ಮಸಿಯೇ. ರಬ್ಬರನ್ನು ಗಟ್ಟಿ ಮಾಡುವುದೂ ಅದೇ, ಬಿಸಿಲಿಗೆ ಬಿರುಕು ಬಿಡದಂತೆ ಕಾಯುವುದೂ ಅದೇ. ಮಂಡ್ಯದಲ್ಲಿ ಕಬ್ಬು ಹೊರುವ ಟೈರ್ ಗಾಡಿ ಅಷ್ಟು ಭಾರ ತಡೆಯುವುದರಲ್ಲಿ ಈ ಮಸಿಯ ಪಾಲೂ ಇದೆ. ಆ ಕಪ್ಪು ಬೇಕೇ ಬೇಕು.

ರಸ್ತೆಯ ಕಥೆ ಬೇರೆ. ಅಲ್ಲಿ ಕಪ್ಪಗಿರುವುದು ಡಾಂಬರು ಮಾತ್ರ, ತೂಕದಲ್ಲಿ ನೂರಕ್ಕೆ ಐದರಷ್ಟು. ಉಳಿದದ್ದೆಲ್ಲ ಜಲ್ಲಿ, ಪುಡಿಗಲ್ಲು. ಹೊಸ ರಸ್ತೆಯಲ್ಲಿ ಪ್ರತಿ ಕಲ್ಲಿನ ಮೇಲೂ ಡಾಂಬರಿನ ತೆಳು ಪೊರೆ ಇರುತ್ತದೆ, ಹಾಗಾಗಿ ಮಿರಮಿರ ಮಿಂಚುತ್ತದೆ. ನಾಲ್ಕೈದು ಮಳೆಗಾಲ ಕಳೆದ ರಸ್ತೆಯನ್ನು ಬಗ್ಗಿ ನೋಡಿ. ಚಕ್ರ ಓಡುವ ಜಾಡಿನಲ್ಲಿ ಪೊರೆ ಸವೆದು ಬೂದು ಜಲ್ಲಿ ಇಣುಕುತ್ತಿರುತ್ತದೆ. ಉಳಿದ ಡಾಂಬರು ಬಿಸಿಲು, ಗಾಳಿಗೆ ಒಣಗಿ ಬಿರುಸಾಗಿರುತ್ತದೆ. ಅದರ ಮಧ್ಯೆ ಗುಂಡಿ ಮುಚ್ಚಿದ ಕಡೆ ಮಾತ್ರ ಕಪ್ಪು ತೇಪೆ.

ಹೊಸ ಡಾಂಬರು ಬಿಸಿಲಿನ ನೂರು ಪಾಲಿನಲ್ಲಿ 95ರಷ್ಟನ್ನು ಹೀರಿಕೊಳ್ಳುತ್ತದೆ. ನಮ್ಮ ಕಡೆ ಹಳ್ಳಿಗಳಲ್ಲಿ ಹುರುಳಿ, ರಾಗಿ ತಂದು ರಸ್ತೆಗೆ ಹರಡುವುದು ಸುಮ್ನೆ ಅಲ್ಲ. ಬಿಸಿ ರಸ್ತೆ ಒಣಗಿಸುತ್ತದೆ, ಬಸ್ಸು ಲಾರಿ ತುಳಿದು ಒಕ್ಕಣೆ ಮಾಡುತ್ತವೆ. ಬೈಕಿನವರಿಗೆ ಅಪಾಯ, ಅದು ಬೇರೆ ಮಾತು.

ಫೀನಿಕ್ಸ್‌ನಲ್ಲಿ ಈ ಬಿಸಿ ಪ್ರಾಣಕ್ಕೇ ಬರುತ್ತದೆ. 2023ರಲ್ಲಿ ಎಡೆಬಿಡದೆ 31 ದಿನ ಉಷ್ಣಾಂಶ 43 ಡಿಗ್ರಿ ದಾಟಿತ್ತು. ರಸ್ತೆ ಮೇಲೆ ಬಿದ್ದವರು ಮೈ ಸುಟ್ಟುಕೊಂಡು ಆಸ್ಪತ್ರೆ ಸೇರುತ್ತಾರೆ. ಅದಕ್ಕೇ ಈ ಬೂದು ಲೇಪ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು ಜೊತೆಗಿದ್ದು ಅಳತೆ ಮಾಡಿದರು. ಮಧ್ಯಾಹ್ನದ ಹೊತ್ತು ರಸ್ತೆಯ ಮೈ ಸುಮಾರು 6 ಡಿಗ್ರಿ ತಂಪಾಗಿತ್ತು. ಆದರೆ ರಸ್ತೆ ವಾಪಸ್ ಎಸೆದ ಬಿಸಿಲು ಹೋಗುವುದೆಲ್ಲಿಗೆ? ಅಲ್ಲೇ ನಿಂತವನ ಮೈಗೆ. ನಡುಮಧ್ಯಾಹ್ನ ನಡೆದು ಹೋಗುವವರಿಗೆ ತಟ್ಟುವ ಕಾವು ಸುಮಾರು 3 ಡಿಗ್ರಿ ಜಾಸ್ತಿಯಾಗಿತ್ತು. ಒಳ್ಳೆಯದರ ಜೊತೆ ಇದನ್ನೂ 2021ರಲ್ಲಿ ಬಹಿರಂಗವಾಗಿ ಹೇಳಿದರು. ಇಲ್ಲಿನ ಪದ್ಧತಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು. ಮೈಸೂರು ಕಲಿಯುವುದಾದರೆ ಲೇಪಕ್ಕಿಂತ ಮೊದಲು ಇದನ್ನು ಕಲಿಯಲಿ.

ಫೀನಿಕ್ಸ್‌ಗೆ ಬೇರೆ ದಾರಿ ಕಡಿಮೆ. ವರ್ಷಕ್ಕೆ 20 ಸೆಂಟಿಮೀಟರ್ ಮಳೆಯೂ ಬೀಳದ ಮರುಭೂಮಿ. ಇಲ್ಲಿ ಒಂದು ಮರ ನಿಲ್ಲಬೇಕಾದರೆ ಪೈಪಿನಲ್ಲಿ ನೀರು ಕೊಟ್ಟು ಸಾಕಬೇಕು. ಮೈಸೂರಿನಲ್ಲಿ ಅದರ ನಾಲ್ಕು ಪಟ್ಟು ಮಳೆಯಿದೆ. ಹೊಂಗೆ, ಬೇವು, ಮಳೆಮರ ಬೆಳೆದು ನಿಂತಿವೆ. ಮರದ ನೆರಳು ರಸ್ತೆಯನ್ನೂ ತಂಪು ಮಾಡುತ್ತದೆ, ನಡೆಯುವವನನ್ನೂ ತಂಪು ಮಾಡುತ್ತದೆ. ಬಣ್ಣಕ್ಕೆ ಆಗದ ಕೆಲಸ ಅದು. ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಊರಿನ ಬೀದಿಗಳ ಅಧ್ಯಯನದಲ್ಲಿ, ನೆರಳಿರುವ ರಸ್ತೆಗೆ ರಿಪೇರಿ ಕಡಿಮೆ ಸಾಕು ಅಂತಲೂ ಕಂಡುಬಂದಿದೆ. ಡಾಂಬರನ್ನು ಮುಪ್ಪಾಗಿಸುವುದು ಬಿಸಿಲಿನ ಕಾವೇ ತಾನೇ?

ಇಂಥ ಮೈಸೂರಿನಲ್ಲಿ 2025ರ ಏಪ್ರಿಲ್‌ನಲ್ಲಿ, ಬೇಸಿಗೆಯ ನಡುವೆ, ಹೈದರಾಲಿ ರಸ್ತೆ ಅಗಲ ಮಾಡಲು 40 ಮರ ಕಡಿದರು. ಸುದ್ದಿ ಓದಿ ಹೊಟ್ಟೆ ಉರಿಯಿತು. ಪ್ರತಿಭಟನೆಗೆ ಬೀದಿಗಿಳಿದವರ ಜೊತೆ ನಾನೂ ನಿಲ್ಲಬೇಕಿತ್ತು ಅನ್ನಿಸಿತು.

ಮರದಿಂದ ನೀರು ತೊಟ್ಟಿಕ್ಕಿ ಡಾಂಬರು ಕೆಡುತ್ತೆ ಅನ್ನುವವರಿದ್ದಾರೆ. ನೀರು ನಿಂತರೆ ಡಾಂಬರು ಏಳುವುದು ನಿಜ. ಅದಕ್ಕೆ ರಸ್ತೆಗೆ ಸರಿಯಾದ ಇಳಿಜಾರು ಕೊಡಿ, ಚರಂಡಿಯ ಹೂಳು ತೆಗೆಸಿ. ರಸ್ತೆ ಅಗಲ ಮಾಡುವ ಪ್ಲ್ಯಾನ್ ಬರೆಯುವಾಗ, ಎಷ್ಟು ಗಾಡಿ ಓಡುತ್ತವೆ ಅನ್ನುವುದರ ಪಕ್ಕದಲ್ಲೇ ಎಷ್ಟು ನೆರಳು ಹೋಗುತ್ತದೆ ಅನ್ನುವುದನ್ನೂ ಬರೆದು, ಮರಕ್ಕೆ ಗರಗಸ ಇಡುವ ಮೊದಲೇ ಊರಿನವರ ಮುಂದಿಡಿ.