21 ದಿನದ ಲೆಕ್ಕ ಎಲ್ಲಿಂದ ಬಂತು?

21 ದಿನ ಬಿಡದೆ ಮಾಡಿದರೆ ಯಾವ ಅಭ್ಯಾಸವೂ ಕೂತುಬಿಡುತ್ತದೆ, ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಶುರು ಅನ್ನುವ ಮೆಸೇಜು ನಿಮಗೂ ಬಂದಿರಬಹುದು. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಎರಡೂ ಮಾತು ಸರಿಯಲ್ಲ.

ನಮ್ಮ ಪಕ್ಕದ ಮನೆ ಅಕ್ಕ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದರು. ಕ್ಯಾಲೆಂಡರಿನಲ್ಲಿ 17 ಗೆರೆ ಎಳೆದಿದ್ದರು. 18ನೇ ದಿನ ಜೋರು ಮಳೆ. ಮೆಸೇಜು ನಂಬಿ, 'ಎಲ್ಲಾ ಹೋಯ್ತು' ಅಂತ ಶೂ ಎತ್ತಿಟ್ಟುಬಿಟ್ಟರು. ನನಗೆ ನಿಜಕ್ಕೂ ಬೇಜಾರಾಯಿತು.

ಈ ಸಂಖ್ಯೆ ಹರಡಿದ್ದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರ 1960ರ ಪುಸ್ತಕದಿಂದ. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಎಂದಿದ್ದರು ಅವರು. ಬಾಯಿಂದ ಬಾಯಿಗೆ ಹೋಗುತ್ತಾ 'ಕಡಿಮೆ ಅಂದರೂ' ಬಿದ್ದುಹೋಯಿತು.

2009ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ 96 ಜನ 12 ವಾರ ಒಂದೊಂದು ಹೊಸ ಅಭ್ಯಾಸ ಹಿಡಿದರು. ಅದು ತಾನಾಗಿ ನಡೆಯುವಂತಾಗಲು ಬೇಕಾದದ್ದು ಸರಾಸರಿ 66 ದಿನ. ಕೆಲವರಿಗೆ 18 ಸಾಕಾಯಿತು, ಕೆಲವರಿಗೆ 254 ಬೇಕಾದೀತು ಎಂಬ ಅಂದಾಜು. ನೀರು ಕುಡಿಯುವಂಥದ್ದು ಬೇಗ, ವ್ಯಾಯಾಮ ನಿಧಾನ. ಒಂದು ದಿನ ತಪ್ಪಿದ್ದಕ್ಕೆ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ.

ಇಂಥ ಮೆಸೇಜು ಬಂದಾಗ ಎಣಿಸಿದ್ದು ಯಾರು, ಎಷ್ಟು ಜನರನ್ನು, ಯಾವ ಕೆಲಸದಲ್ಲಿ ಅಂತ ಕೇಳಿ ನೋಡಿ. ಆ ಸಂಖ್ಯೆಯ ಜೊತೆ 'ಅಧ್ಯಯನ' ಅಂತ ಸೇರಿಸಿ ಹುಡುಕಿ, ಮೂಲ ಬರಹದ ಸಾರಾಂಶವನ್ನೇ ಓದಿ. ಎಲ್ಲರಿಗೂ, ಎಲ್ಲ ಕೆಲಸಕ್ಕೂ ಒಂದೇ ಲೆಕ್ಕ ಅಂದರೆ ಅನುಮಾನ ಪಡಬೇಕು, ಅಲ್ವಾ?

ಅಕ್ಕನಿಗೂ ಇದನ್ನೇ ಹೇಳಿದೆ. ಕ್ಯಾಲೆಂಡರಿನಲ್ಲಿ 18ರ ಮನೆ ಖಾಲಿ ಬಿಟ್ಟು ಮುಂದಿನ ಗೆರೆ ಎಳೆದಿದ್ದಾರೆ.